ಹೂಂ ಅನ್ನಲಾಗದವರಿಗೆ

ಆಷಾಢದ ನಲವತ್ತೊಂದನೆಯ ದಿನ, ಬಳ್ಳಿ ಶಕೆ ಎಪ್ಪತ್ತಮೂರು.
ಬೆಟಗೇರಿ.

ನೂರೆಪ್ಪತ್ತು ವರ್ಷ ಹಿಂದಿರುವ ಹಿರಿಯರಿಗೆ ಖಾನಾವಳಿ ಗುರುಶಿದ್ದಪ್ಪನ ಶರಣು.

ತಾರೀಖು ನೋಡಿ ನಗಬೇಡಿ. ನಮ್ಮ ವರ್ಷಕ್ಕೆ ಎಂಟೇ ತಿಂಗಳು, ತಿಂಗಳಿಗೆ ನಲವತ್ತೈದು ದಿನ. ಮಿಕ್ಕ ಐದಾರು ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ರಜೆ ಎಂದು ಬಿಟ್ಟಿದ್ದಾರೆ. ಊರಿನ ಯಂತ್ರಗಳನ್ನು ನಡೆಸುವ ಗಾಳಿಯ ಲೆಕ್ಕಕ್ಕೆ ಅನುಕೂಲವಾಗಲೆಂದು ಹಿಂದಿನವರು ಹೀಗೆ ಮಾಡಿದರಂತೆ. ತಿಂಗಳ ಸಂಬಳ ಕೊಡುವವರು ಸೇರಿ ಮಾಡಿದ್ದೆಂದು ನನ್ನ ಗುಮಾನಿ. ಬಳ್ಳಿ ಶಕೆ ಎಂದರೆ ಏನೆಂಬುದು ಮುಂದೆ ತಿಳಿಯುತ್ತದೆ. ನನ್ನ ಮಾತಿನಲ್ಲಿ ಇನ್ನೂ ಇಂಥ ಪದಗಳು ಬರುತ್ತವೆ, ಕಿವಿಗೆ ಒರಟಾದರೆ ಕ್ಷಮಿಸಬೇಕು. ಬಂದಾಗ ಬಂದಾಗ ಬಿಡಿಸಿ ಹೇಳುತ್ತೇನೆ. ಅದು ನನಗೂ ಒಳ್ಳೆಯದೇ, ಯಾಕೆಂದರೆ ಅರ್ಧ ಪದಗಳನ್ನು ನಾನೇ ಅರ್ಥ ತಿಳಿಯದೆ ಬಳಸುತ್ತ ಬಂದಿದ್ದೇನೆ. ನಾಲ್ಕನೆಯ ಇಯತ್ತೆಯಲ್ಲಿ ಮಾಸ್ತರರು ನನ್ನನ್ನು ದಿನವೂ ವರ್ಗದ ಹೊರಗೆ ನಿಲ್ಲಿಸುತ್ತಿದ್ದರು. ನಿಂತು ನಿಂತು ಅದಕ್ಕೇ ಒಗ್ಗಿಹೋಗಿ, ಒಂದು ದಿನ ಅಲ್ಲಿಂದಲೇ ನಡೆದು ನಮ್ಮ ಖಾನಾವಳಿಗೆ ಬಂದುಬಿಟ್ಟೆ. ಇನ್ನೂ ಇಲ್ಲೇ ಇದ್ದೇನೆ.

ವಿಷಯಕ್ಕೆ ಬರುತ್ತೇನೆ. ನನ್ನ ಅವ್ವ ಫಕೀರವ್ವ ಈಗ ಒಳಗೆ ರೊಟ್ಟಿ ಬಡಿಯುತ್ತಿದ್ದಾಳೆ. ಬಡಿಯುತ್ತ ಬಡಿಯುತ್ತ, ನಾನು ಸತ್ತುಹೋದೆನೆಂದು ಅಳುತ್ತಿದ್ದಾಳೆ. ನಾನು ಹೊರಗೆ ಬೆಂಚಿನ ಮೇಲೆ ಕುಳಿತು ಕೇಳುತ್ತಿದ್ದೇನೆ. ಸಂಜೆಯ ಊಟಕ್ಕೆ ಮಂದಿ ಬರುವ ಮೊದಲು ಸಬೀನಾ ಬರುತ್ತಾಳೆ, ಅವಳಿಗೆ ನಾನು ಒಂದು ಮಾತು ಹೇಳಬೇಕು. ಆ ಮಾತಿನಿಂದ ಅವ್ವನ ತಲೆಯೊಳಗೆ ಯಾವ ಮಗ ಉಳಿಯುತ್ತಾನೆ, ಅಥವಾ ಇಬ್ಬರೂ ಹೋಗುತ್ತಾರೋ ಎನ್ನುವುದು ನಿರ್ಧಾರವಾಗುತ್ತದೆ. ಇಷ್ಟು ಬರೆಯುವುದರೊಳಗೆ ಎರಡು ಸಲ ಎದ್ದು ಬಾಗಿಲವರೆಗೆ ಹೋಗಿ ಬಂದೆ. ಬೆಂಚು ಗಟ್ಟಿಯಾಗಿದೆ ಎಂದು ನೆಪ ಹೇಳಿಕೊಳ್ಳುತ್ತಿದ್ದೇನೆ. ಇದೇ ಬೆಂಚಿನ ಮೇಲೆ ಮೂವತ್ತು ವರ್ಷ ಕುಳಿತಿದ್ದೇನೆ, ಇವತ್ತಿನವರೆಗೆ ಇದು ಗಟ್ಟಿ ಅನ್ನಿಸಿರಲಿಲ್ಲ.

ಸಬೀನಾ ಬಳ್ಳಿಯಕ್ಕ. ಮರೆವಿನ ರೋಗ ಬಂದವರಿಗೆ ಮದ್ದು ಕೊಡುವ ಜಾಗಕ್ಕೆ ನಮ್ಮ ಕಡೆ ಬಳ್ಳಿಮನೆ ಎನ್ನುತ್ತಾರೆ, ಅಲ್ಲಿಂದ ಮನೆಮನೆಗೆ ಬಂದು ನೋಡಿಕೊಳ್ಳುವವಳು ಬಳ್ಳಿಯಕ್ಕ. ಮೊದಲನೆಯ ಬಳ್ಳಿಮನೆ ತೆರೆದ ವರ್ಷದಿಂದ ನಮ್ಮ ಶಕೆ ಶುರು. ಪತ್ರ ಬರೆಯಲು ಹೇಳಿದವಳೂ ಅವಳೇ. ಬಳ್ಳಿಮನೆಯಲ್ಲಿ ಇದೊಂದು ರೂಢಿ. ದೊಡ್ಡ ನಿರ್ಧಾರ ಮಾಡಬೇಕಾದವರನ್ನು, ಹಿಂದೆ ಬಾಳಿದ ಯಾರಿಗಾದರೂ ಬರೆಯಿರಿ ಎಂದು ಕೂರಿಸುತ್ತಾರೆ. ನಾನು ಕೇಳಿದೆ, "ಬದುಕಿದ್ದವರಿಗೆ ಯಾಕ ಬ್ಯಾಡ?" ಅವಳು ಹೇಳಿದಳು, "ಬದುಕಿದ್ದವರು ನೀವು ಹೇಳೂದ್ರೊಳಗ ಹೂಂ ಅಂತಾರ್ರಿ ಅಣ್ಣ. ಸತ್ತವರಿಗೆ ಬಾಯಿಲ್ಲ. ಅವರ ಮುಂದ ನಿಮ್ಮ ಮಾತು ನಿಮಗ ಕೇಳಸ್ತೈತಿ." ನಿಮ್ಮನ್ನು ಸತ್ತವರು ಅಂದದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಸದ್ಯಕ್ಕೆ ನಾನೂ ನಿಮ್ಮ ಸಾಲಿನಲ್ಲೇ ಇದ್ದೇನೆ.

ಮದ್ದಿನ ವಿಷಯ ಹೇಳುತ್ತೇನೆ, ನನಗೆ ತಿಳಿದಷ್ಟು. ಮಿದುಳಿನೊಳಗೆ ನರಗಳು ಒಂದಕ್ಕೊಂದು ಒಂದು ಬಗೆಯ ಪೋಷಣೆ ಕೊಟ್ಟುಕೊಂಡು ಬದುಕುತ್ತವಂತೆ. ಅದು ಸಿಕ್ಕ ನರ ಟಿಸಿಲೊಡೆದು ಪಕ್ಕದ ನರವನ್ನು ಹಿಡಿಯುತ್ತದೆ, ಸಿಗದ ನರ ಮುರುಟುತ್ತದೆ. ವಯಸ್ಸಾದಂತೆ ಅದು ಕಡಿಮೆಯಾಗುತ್ತದೆ. ಮರೆವಿನ ರೋಗದಲ್ಲಂತೂ ತೀರ ಬತ್ತುತ್ತದೆ. ಇದು ನಿಮ್ಮ ಕಾಲದವರಿಗೂ ಗೊತ್ತಿತ್ತಂತೆ. ಆದರೆ ಹೊರಗಿನಿಂದ ಕೊಟ್ಟರೆ ರಕ್ತದಿಂದ ಮಿದುಳಿಗೆ ಹೋಗುವ ಬಾಗಿಲು ಅದನ್ನು ಒಳಗೆ ಬಿಡುತ್ತಿರಲಿಲ್ಲ. ತಲೆಬುರುಡೆ ಕೊರೆದು ಒಳಗೆ ಬಿಟ್ಟು ನೋಡಿದರಂತೆ. ಕೆಲವರಿಗೆ ಮೈಕೈ ನೋವು ಹಿಡಿಯಿತು, ಊಟ ಸೇರದೆ ಇಳಿದುಹೋದರು, ಅದಕ್ಕೇ ನಿಲ್ಲಿಸಿದರು. ಚೆನ್ನಾಗಿ ನಡೆದಾಡಿರಿ, ಅದರಿಂದಲೂ ಒಂದಿಷ್ಟು ಹೆಚ್ಚುತ್ತದೆ ಎಂದು ನಿಮ್ಮ ಡಾಕ್ಟರರು ಹೇಳುತ್ತಿದ್ದರಂತೆ. ನಮ್ಮ ಡಾಕ್ಟರರೂ ಇವತ್ತಿಗೂ ಅದನ್ನೇ ಹೇಳುತ್ತಾರೆ. ಇಷ್ಟು ವರ್ಷದಲ್ಲಿ ಬದಲಾಗದ ವಿದ್ಯೆ ಎಂದರೆ ಅದೊಂದೇ.

ಈಗ ನಮ್ಮಲ್ಲಿ ಮೂಗಿಗೆ ಬಿಡುವ ಹನಿ ಇದೆ. ಚಿಗುರುನೀರು ಎನ್ನುತ್ತೇವೆ. ಡಾಕ್ಟರರ ಹೆಸರು ಬೇರೆ, ಅದನ್ನು ಹೇಳುವಷ್ಟರಲ್ಲಿ ಹನಿಯೇ ಆರಿಹೋಗುತ್ತದೆ. ಹನಿ ಬಿಟ್ಟ ಮೇಲಿನ ಎರಡು ತಿಂಗಳು ಹಬ್ಬುಗಾಲ. ನರಗಳು ಬಳ್ಳಿಯಂತೆ ಹಬ್ಬುವ ಕಾಲ ಅದು. ಬಳ್ಳಿಗೆ ಕೋಲು ಕೊಟ್ಟ ಕಡೆ ಹಬ್ಬುವಂತೆ, ನರಗಳೂ ಆ ದಿನಗಳಲ್ಲಿ ಮನುಷ್ಯ ಯಾವುದನ್ನು ಮತ್ತೆ ಮತ್ತೆ ಮಾಡುತ್ತಾನೋ, ಯಾವುದನ್ನು ಮತ್ತೆ ಮತ್ತೆ ಕೇಳುತ್ತಾನೋ ಅದನ್ನು ಅಪ್ಪಿಕೊಂಡು ಬೆಳೆಯುತ್ತವೆ. ಅದಕ್ಕೇ ಮನೆಯವರೊಬ್ಬರು ಜೊತೆಗೆ ಕೂರಬೇಕು. ಕಮ್ಮಾರನಿಗೆ ಸುತ್ತಿಗೆ ಕೊಡಬೇಕು, ಹಾಡುವವನಿಗೆ ಹಾಡಿಸಬೇಕು. ನಮ್ಮ ಅವ್ವನಿಗೆ ಜೋಳದ ಹಿಟ್ಟು ಕೊಡಬೇಕಾಗಿತ್ತು. ಅರವತ್ತು ವರ್ಷ ಈ ಗಾಳಿಪೇಟೆಗೆ, ಎಂದರೆ ಗಾಳಿಯಂತ್ರಗಳಲ್ಲಿ ದುಡಿಯುವವರ ಈ ಓಣಿಗಳಿಗೆ, ರೊಟ್ಟಿ ಬಡಿದವಳು, ಹಿಟ್ಟು ಏನೆಂಬುದನ್ನೇ ಮರೆತು ಗೋಡೆಗೆ ಬಳಿಯುತ್ತಿದ್ದಳು.

ಜೊತೆಗೆ ಕೂರಲು ನಾನೇ ಒಪ್ಪಿಕೊಂಡೆ. ನನ್ನ ಅಕ್ಕ ದ್ಯಾಮವ್ವ ಪಕ್ಕದ ಓಣಿಯಲ್ಲಿದ್ದಾಳೆ, ದಿನಕ್ಕೊಮ್ಮೆ ಬಂದು ಬೈದು ಹೋಗುತ್ತಾಳೆ. ನನಗೆ ಹೆಂಡತಿ ಮಕ್ಕಳಿಲ್ಲ. ಹೆಣ್ಣು ಕೊಡಲು ಬಂದವರಿದ್ದರು, ಹುಡುಗ ನಗುವುದನ್ನು ನಿಲ್ಲಿಸಲಿ, ಆಮೇಲೆ ಬರುತ್ತೇವೆ ಎಂದು ಹೋದರು. ಮೊದಲ ಹನಿ ಬಿಟ್ಟ ದಿನ ಸಬೀನಾ ಬೆರಳು ಮಡಚಿ ಹೇಳಿದಳು, "ಗುರುಶಿದ್ದಣ್ಣ, ಒಂದ ಮಾತು ನೆನಪಿಡ್ರಿ. ಖರೇ ಅಲ್ಲದ್ದಕ್ಕ ಹೂಂ ಅನಬ್ಯಾಡ್ರಿ. ಅಲ್ಲ ಅನ್ನಾಕ ಬಾಯಿ ಬರಲಿಲ್ಲ ಅಂದ್ರ ಸುಮ್ನಿರ್ರಿ, ಕೈಯಾಗ ಹಿಟ್ಟು ಕೊಡ್ರಿ."

ನಾನು ಹೂಂ ಅಂದೆ.

ನಿಮ್ಮ ಕಾಲದಲ್ಲಿ ಹೇಗಿತ್ತೋ ತಿಳಿಯದು. ನಮ್ಮ ಕಡೆ ಹಿರಿಯರು ಮಾತಾಡುವಾಗ ಎದುರು ಕುಳಿತವನು ಹೂಂ ಅನ್ನುತ್ತಿರಬೇಕು. ಅನ್ನದಿದ್ದರೆ, ಏನಪಾ, ನಿದ್ದಿ ಬಂತೇನು ಎನ್ನುತ್ತಾರೆ. ಅಜ್ಜ ಹೇಳುವ ಊರಿನ ಹೆಸರು ತಪ್ಪಿದ್ದರೂ ಹೂಂ, ಅಜ್ಜಿ ಹೇಳುವ ಸಂಬಂಧ ತಪ್ಪಿದ್ದರೂ ಹೂಂ. ಹಿರಿಯರ ಮುಖಕ್ಕೆ ಎದುರಾಗಿ ಅಲ್ಲ ಅಂದವನನ್ನು ನಾನು ನೋಡಿಲ್ಲ. ನೋಡಿದ್ದರೂ ಅವನಿಗೆ ನಮ್ಮಲ್ಲಿ ಎರಡನೆಯ ಸಲ ರೊಟ್ಟಿ ಸಿಕ್ಕಿರಲಿಕ್ಕಿಲ್ಲ.

ನಾಲ್ಕನೆಯ ದಿನವೋ ಐದನೆಯ ದಿನವೋ ಅವ್ವ ನನ್ನ ಮುಖ ನೋಡಿ, "ಮುದುಕಪ್ಪ, ಉಂಡಿ ಏನೋ?" ಅಂದಳು.

ಮುದುಕಪ್ಪ ನನ್ನ ಅಣ್ಣ. ಗಾಳಿಕಂಬದ ಮೇಲೆ ಕೆಲಸ ಮಾಡುತ್ತಿದ್ದ. ಕಪ್ಪತಗುಡ್ಡದಿಂದ ಹಿಡಿದು ನಮ್ಮ ಊರಿನ ಬಾಗಿಲವರೆಗೆ ಈಗ ಗಾಳಿಕಂಬಗಳೇ. ಊರಿಗೆ ಬೆಳಕು, ನೀರು, ಗಿರಣಿ ಎಲ್ಲ ಅವುಗಳಿಂದ. ಗಾಳಿ ಜೋರಿದ್ದ ದಿನ ಎಲ್ಲ ಯಂತ್ರಗಳೂ ಒಟ್ಟಿಗೆ ಓಡುತ್ತವೆ, ಮಂದಿ ಊಟ ಬಿಟ್ಟು ದುಡಿಯುತ್ತಾರೆ. ಗಾಳಿ ನಿಂತ ದಿನ ಎಲ್ಲರೂ ನಮ್ಮ ಬೆಂಚುಗಳ ಮೇಲಿರುತ್ತಾರೆ. ನಾನು ಇಪ್ಪತ್ತರ ಹುಡುಗನಿದ್ದಾಗ, ಇಂಥದ್ದೇ ಆಷಾಢದ ಗಾಳಿಯಲ್ಲಿ ಅಣ್ಣ ಕಂಬದಿಂದ ಬಿದ್ದು ಸತ್ತ. ಮುದುಕಪ್ಪ ಎಂದು ಹೆಸರಿಟ್ಟುಕೊಂಡು ಇಪ್ಪತ್ತಾರಕ್ಕೇ ಹೋದ. ಅವ್ವ ಆಗ ಹಂಚು ಇಳಿಸಿದವಳು ಬಹಳ ದಿನ ಒಲೆಯ ಹತ್ತಿರ ಹೋಗಲಿಲ್ಲ. ರೋಗ ಬಂದ ಮೇಲೆ ಎಲ್ಲವನ್ನೂ ಮರೆಯುತ್ತ ಮರೆಯುತ್ತ, ಆ ಸಾವನ್ನೂ ಮರೆತಿದ್ದಳು.

ಉಂಡಿ ಏನೋ ಅಂದಾಗ ಅವಳ ಮುಖದಲ್ಲಿ ಎಷ್ಟೋ ತಿಂಗಳಿಂದ ಕಾಣದ ಒಂದು ಬೆಳಕಿತ್ತು. ನಾನು "ಹೂಂ ಯವ್ವಾ" ಅಂದೆ. ಅವಳೂ ಕುಳಿತು ಎರಡು ರೊಟ್ಟಿ ತಿಂದಳು. ಅಕ್ಕ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು ನನ್ನನ್ನು ಹಿತ್ತಿಲಿಗೆ ಎಳೆದೊಯ್ದು, "ನೋಡಿದಿ? ಹೂಂ ಅಂದಿದ್ದಕ್ಕ ಎಷ್ಟ ಚಂದ ತಿಂದ್ಲು. ಏನಂದ್ರೂ ಹೂಂ ಅನ್ನು. ನಿನ್ನ ಗಂಟೇನು ಹೋಗ್ತೈತಿ?" ಅಂದಳು.

ಆಮೇಲೆ ಅದೊಂದು ಆಟವಾಯಿತು. ಇಡೀ ಖಾನಾವಳಿ ಸೇರಿಕೊಂಡಿತು. ಗಾಳಿಕಂಬದ ಕಾಶಪ್ಪ ಅಣ್ಣನ ಜೊತೆಯೇ ದುಡಿದವನು, ಹಲ್ಲು ಅರ್ಧ ಉದುರಿದರೂ ನಾಲಿಗೆ ಉದುರಿಲ್ಲ. ಅವ್ವನಿಗೆ ಕೇಳುವಂತೆ, "ಮುದುಕಪ್ಪ, ಚಟ್ನಿ ತಾರೋ" ಎಂದು ಕೂಗುತ್ತಿದ್ದ. ನಾನು ಹತ್ತಿರ ಹೋದಾಗ ತಗ್ಗಿದ ದನಿಯಲ್ಲಿ, "ಸತ್ತ ಮ್ಯಾಲೆ ಭಾಳ ಚುರುಕ ಆಗಿಯಲ್ಲೋ" ಅನ್ನುತ್ತಿದ್ದ. ಅವನು ನಗುತ್ತಿದ್ದ, ನಾನು ನಗುತ್ತಿದ್ದೆ, ಒಳಗಿನಿಂದ ಅವ್ವನೂ ಯಾಕೆಂದು ತಿಳಿಯದೆ ನಗುತ್ತಿದ್ದಳು. ಹಬ್ಬುಗಾಲ ಹೀಗೆ ಕಳೆಯಿತು. ಸಬೀನಾ ಬಂದಾಗ ಮಾತ್ರ ಎಲ್ಲರೂ ಬಾಯಿ ಮುಚ್ಚಿಕೊಂಡು ರೊಟ್ಟಿ ತಿನ್ನುತ್ತಿದ್ದರು.

ಅವ್ವ ಗುಣವಾದಳು. ಇದನ್ನು ನಾನು ಸುಮ್ಮನೆ ಹೇಳುತ್ತಿಲ್ಲ, ನೀವು ಬಂದು ನೋಡಬೇಕಿತ್ತು. ಮೊದಲು ಅಂಗೈ ನೆನಪು ಮಾಡಿಕೊಂಡಿತು. ಹಿಟ್ಟನ್ನು ತಟ್ಟುವ ಸದ್ದು ಮೊದಮೊದಲು ತಡವರಿಸುತ್ತಿತ್ತು, ಆಮೇಲೆ ಒಂದು ದಿನ ಮಧ್ಯಾಹ್ನ ಅದು ತಾನಾಗಿ ತಾಳಕ್ಕೆ ಬಿತ್ತು. ಉಣ್ಣುತ್ತಿದ್ದವರು ಕೈ ನಿಲ್ಲಿಸಿ ಕೇಳಿದರು. ನೀರು ಎಷ್ಟು ಕಾದಿದೆ ಎಂದು ಬೆರಳಿಟ್ಟು ಹೇಳಿದಳು. ಹಂಚಿನ ಮೇಲೆ ರೊಟ್ಟಿ ಉಬ್ಬುವ ವಾಸನೆಗೆ ಬೆನ್ನು ತಿರುಗಿಸಿಕೊಂಡೇ "ತಿರುವು" ಅಂದಳು. ಓಣಿಯಲ್ಲಿ ಯಾರ ಮಗಳು ಯಾರ ಸೊಸೆ ಎನ್ನುವುದೆಲ್ಲ ಬಂತು. ಕಾಶಪ್ಪನ ತಾಟು ನೋಡಿ, "ಮೂರನೇ ಸಲ ಚಟ್ನಿ ಹಾಕ್ಕೊಂಡಿ, ನಾ ಮಂಕ ಇದ್ದಾಗ ಎಷ್ಟ ತಿಂದಿಯೋ ಯಾರಿಗ್ಗೊತ್ತು" ಅಂದಳು. ಅಂದಿನಿಂದ ಕಾಶಪ್ಪ ಚಟ್ನಿ ಕೇಳುವಾಗ ಸುತ್ತ ನೋಡುತ್ತಾನೆ.

ಒಂದೇ ಒಂದು ಸರಿಹೋಗಲಿಲ್ಲ. ನಾನು ಮುದುಕಪ್ಪನಾಗಿಯೇ ಉಳಿದೆ. ಹಬ್ಬುಗಾಲದಲ್ಲಿ ನನ್ನ ಮುಖಕ್ಕೆ ಆ ಹೆಸರು ಸುತ್ತಿಕೊಂಡು ಬೆಳೆದಿತ್ತು. ನಾವೆಲ್ಲ ಸೇರಿ ಅದಕ್ಕೆ ನೀರು ಹಾಕಿದ್ದೆವು.

ಆಮೇಲೆ ಅವ್ವ ಕೇಳತೊಡಗಿದಳು, "ಗುರುಶಿದ್ದ ಎಲ್ಲಿ?"

ಅಕ್ಕ ಇದ್ದವಳು, "ಕಡಲ ಕಡೆ ಕೆಲಸಕ್ಕ ಹೋಗ್ಯಾನ" ಅಂದಳು.

"ಯಾವ ಊರಿಗೆ?"

ಅಕ್ಕ "ಕಾರವಾರ" ಅಂದಳು. ಅದೇ ಹೊತ್ತಿಗೆ ನಾನು "ಹೊನ್ನಾವರ" ಅಂದೆ. ಅವ್ವ ಇಬ್ಬರ ಮುಖವನ್ನೂ ನೋಡಿದಳು. ಒಳಗೆ ಹೋದಳು. ರೋಗದ ಅವ್ವನಾಗಿದ್ದರೆ ಅಷ್ಟಕ್ಕೇ ಮರೆತುಬಿಡುತ್ತಿದ್ದಳು. ಗುಣವಾದ ಅವ್ವ ಮರೆಯಲಿಲ್ಲ. ಮುಂದಿನ ದಿನಗಳಲ್ಲಿ ಒಬ್ಬೊಬ್ಬರನ್ನೂ ಬೇರೆ ಬೇರೆ ಕೇಳಿದಳು. ಒಬ್ಬ ಮೊನ್ನೆ ಮಾತಾಡಿದೆ ಅಂದ, ಒಬ್ಬ ಬರುವ ತಿಂಗಳು ಬರುತ್ತಾನೆ ಅಂದ, ಕಾಶಪ್ಪ ಕೇಳುವ ಮೊದಲೇ ಕೈ ತೊಳೆದು ಎದ್ದುಹೋದ. ಎಲ್ಲವನ್ನೂ ಕೂಡಿಸಿ ನೋಡಿ, ಚುರುಕು ಬುದ್ಧಿಯ ಯಾರೇ ಆದರೂ ಮುಟ್ಟುವ ತೀರ್ಮಾನಕ್ಕೆ ಮುಟ್ಟಿದಳು.

ಮೊನ್ನೆ ಮಧ್ಯಾಹ್ನ ನಾನು ಒಲೆಯ ಹತ್ತಿರ ಕುಳಿತು ಬದನೆಕಾಯಿ ಸೀಳುತ್ತಿದ್ದೆ. ಅವ್ವ ತಟ್ಟುವುದನ್ನು ನಿಲ್ಲಿಸಿದಳು.

"ಮುದುಕಪ್ಪ, ನನಗ ತಿಳದೈತಿ. ನಿನ್ನ ತಮ್ಮ ಇಲ್ಲ."

ನನ್ನ ಕೈಯಲ್ಲಿ ಅರ್ಧ ಸೀಳಿದ ಬದನೆಕಾಯಿ ಇತ್ತು, ಹಾಗೇ ಹಿಡಿದುಕೊಂಡೆ.

"ನೀವು ಎಲ್ಲಾರೂ ಕೂಡಿ ಮುಚ್ಚಿಟ್ಟೀರಿ. ಇರ್ಲಿ, ನನ್ನ ಸಲುವಾಗಿ ಮುಚ್ಚಿಟ್ಟೀರಿ. ಆದ್ರ ಅಂವ ಇದ್ದಿದ್ರ ಈ ಮನಿ ಇಷ್ಟ ಸುಮ್ನ ಇರ್ತಿತ್ತೇನು? ಕೂಸಿದ್ದಾಗಿಂದ ಬಾಯಿ ಮುಚ್ಚದಾಂವ. ನೀ ಇತ್ತಿತ್ಲಾಗ ಅವನಂಗ ಮಾತಾಡಾಕ ಹೋಗ್ತಿ, ನನಗ ಗೊತ್ತಾಗ್ತೈತಿ. ಬ್ಯಾಡಪಾ. ನಿನಗ ಅದು ಬರೂದಿಲ್ಲ."

ನಾನು ಇಷ್ಟು ವರ್ಷ ಮಂದಿಯನ್ನು ನಗಿಸಿದ್ದೇನೆ, ಆದರೆ ನನ್ನಂತೆ ಮಾತಾಡಲು ನನಗೆ ಬರುವುದಿಲ್ಲ ಎಂದು ಹೇಳಿದವರು ಇವಳೊಬ್ಬಳೇ. ನಗು ಬಂತು, ಬದನೆಕಾಯಿಯ ಕಡೆ ಬಗ್ಗಿದೆ. ಅವ್ವ ಸೆರಗಿನಿಂದ ಮುಖ ಒರೆಸಿಕೊಂಡು ಮತ್ತೆ ಹೇಳಿದಳು, "ನಿನ್ನ ಮುಂದ ಹೇಳ್ತೀನಿ, ಸಿಟ್ಟಾಗಬ್ಯಾಡ. ನೀ ದುಡದಿ, ಮನಿ ಹಿಡದಿ, ಖರೆ. ಆದ್ರ ನಿಮ್ಮಪ್ಪ ತೀರಿಕೊಂಡ ವರ್ಷ ನನ್ನ ಗಂಟಲದಾಗ ತುತ್ತ ಇಳಿಸಿದಾಂವ ಅಂವ. ಅವಾಗ ಇಷ್ಟುದ್ದ ಇದ್ದ. ಮಂಗ್ಯಾನಂಗ ಕುಣದ ಕುಣದ ತಿನಿಸಿದ. ಅವಂಗ ನಾ ಒಂದ ದಿನಾನೂ ಈ ಮಾತ ಹೇಳಲಿಲ್ಲ. ಹೇಳಿದ್ರ ಇನ್ನೂ ಕುಣೀತಾನಂತ ಸುಮ್ನಿದ್ದೆ."

ಇದನ್ನು ಕೇಳಲು ನಾನು ಸಾಯಬೇಕಾಯಿತು. ನಿಜ ಹೇಳುತ್ತೇನೆ, ಆ ಹೊತ್ತಿನಲ್ಲಿ ಹೀಗೇ ಇರಲಿ ಅನ್ನಿಸಿತು. ಸತ್ತಿರುವುದು ಅಷ್ಟು ಹಿತವಾಗಿತ್ತು. ಮತ್ತೆ ಅವಳ ಕೈ ನೋಡಿದೆ. ಹಿಟ್ಟಿನ ಮೇಲೆ ಕಣ್ಣೀರು ಬೀಳದಂತೆ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡು ತಟ್ಟುತ್ತಿದ್ದಳು. ಅಣ್ಣ ಸತ್ತು, ಮತ್ತೆ ಒಲೆಗೆ ಬಂದು ಕುಳಿತ ಮೇಲೆ ಅವಳು ಅಳುತ್ತಿದ್ದದ್ದು ಹೀಗೆಯೇ. ಆ ದುಃಖವೂ ಮರಳಿ ಚಿಗುರಿತ್ತು, ಆದರೆ ಒಬ್ಬನಿಗೆ ತಂದ ಹೂವನ್ನು ಇನ್ನೊಬ್ಬನ ಗೋರಿಗೆ ಇಟ್ಟಂತೆ ನನ್ನ ಮೇಲೆ ಬಂದು ಕುಳಿತಿತ್ತು. ನಾನು ಎದುರಿಗೇ ಇದ್ದೆ. ಏನು ಹೇಳಿದೆ ಗೊತ್ತೇ? ಹೂಂ ಅಂದೆ.

ಅಂದಿನಿಂದ ಅವ್ವ ಸರಿಯಾಗಿ ಉಣ್ಣುತ್ತಿಲ್ಲ. ಸಬೀನಾಳಿಗೆ ಎಲ್ಲವನ್ನೂ ಹೇಳಿದೆವು. ಬೈಯುತ್ತಾಳೆ ಅಂದುಕೊಂಡಿದ್ದೆ, ಬೈಯಲಿಲ್ಲ. ಪ್ರತಿ ಓಣಿಯಲ್ಲೂ ಇಂಥದ್ದು ಒಂದಾದರೂ ಆಗುತ್ತದೆ ಎಂದು ನಿಟ್ಟುಸಿರುಬಿಟ್ಟಳು. ಈಗ ಹಾದಿಗಳು ಇಷ್ಟೇ. ಹೀಗೇ ಬಿಡಬಹುದು. ಆಗ ಅವ್ವ ಬದುಕಿರುವಷ್ಟು ದಿನ ನನ್ನ ಸಾವಿಗೆ ಅಳುತ್ತಾಳೆ, ಸತ್ತ ಅಣ್ಣನಿಗೆ ರೊಟ್ಟಿ ಬಡಿಸುತ್ತಾಳೆ. ಇಲ್ಲವೇ ಸವರಿಸಬಹುದು. ಸವರುವುದು ಎಂದರೆ ಅವಳನ್ನು ಮಲಗಿಸಿ, ಹೊಸದಾಗಿ ಹಬ್ಬಿದ ನರಗಳನ್ನು ಇನ್ನೊಂದು ಮದ್ದಿನಿಂದ ಒಣಗಿಸುವುದು. ಅದಕ್ಕೆ ಒಂದು ಹೆಸರನ್ನು ಮಾತ್ರ ಹೆಕ್ಕಿ ತೆಗೆಯಲು ಬರುವುದಿಲ್ಲ. ಸುತ್ತಲಿನದೂ ಹೋಗುತ್ತದೆ. ಇಬ್ಬರು ಮಕ್ಕಳೂ ಹೋಗಬಹುದು, ರೊಟ್ಟಿಯೂ ಹೋಗಬಹುದು. ಮೂರನೆಯದು ಮರುಹನಿ. ಮತ್ತೆ ಸ್ವಲ್ಪ ಚಿಗುರುನೀರು ಬಿಟ್ಟು, ಈ ಸಲ ನಿಜವನ್ನು ಹೇಳುವುದು.

"ಒಂದ ಸಲ ಹೇಳಿದ್ರ ಹಿಡಿಯೂದಿಲ್ಲಣ್ಣ" ಅಂದಳು ಸಬೀನಾ. "ದಿನಾ ಹೇಳಬೇಕು. ಮುದುಕಪ್ಪ ಸತ್ತಾನ, ನಾ ಗುರುಶಿದ್ದ ಅಂತ. ಬ್ಯಾರೆ ಎಲ್ಲಾ ನೆನಪಿದ್ರೂ, ನಿಮ್ಮ ಮಾರಿ ನೋಡಿದ ಕೂಡ್ಲೆ ಹಳೇ ಹೆಸರ ಮುಂದ ಬರ್ತೈತಿ, ಮೊದಮೊದಲ ಆಕಿ ದಿನಾ ಹೊಸದಾಗಿ ಕೇಳ್ತಾಳ. ದಿನಾ ಹೊಸದಾಗಿ ಅಳ್ತಾಳ. ನೀವು ತಪ್ಪಿ ಒಂದ ದಿನ ಆ ಹೆಸರಿಗೆ ಓಗೊಟ್ರಿ ಅಂದ್ರ ಮತ್ತ ಹಿಂದಕ ಹೋಗ್ತೈತಿ."

ಅಕ್ಕ ಸಿಡಿದಳು. "ಹಡದಾಕಿ ಮುಂದ ದಿನಾ ಹೋಗಿ ಮಗ ಸತ್ತಾನ, ಮಗ ಸತ್ತಾನ ಅಂತೀಯೇನೋ? ಒಮ್ಮೆ ಕೇಳಿದ್ದಕ್ಕ ಆಕಿ ಅವಾಗ ಅರ್ಧ ಆಗಿದ್ಲು. ನೀ ಯಾವ ಹೆಸರಿಂದ ಕರಸ್ಕೊಂಡ್ರ ಏನ, ಗುರುಶಿದ್ದ ಆಗಿ ಏನ ಗಳಿಸಬೇಕಾಗೈತಿ?"

"ನಾ ಸತ್ತಾಂವ ಅಕ್ಕ, ನನ್ನ ಕೇಳಬ್ಯಾಡ" ಅಂದೆ.

"ನಗಬ್ಯಾಡ. ನಿನ್ನ ನಗಿನಿಂದನ ಇಷ್ಟ ಆಗಿದ್ದು" ಅಂದವಳು, ತಾನೇ ಹೂಂ ಅನ್ನಿಸಿದ್ದು ನೆನಪಾಗಿರಬೇಕು, ಚಪ್ಪಲಿ ಹುಡುಕಿದಳು.

ನಮ್ಮಲ್ಲಿ ನಿಯಮ ಏನೆಂದರೆ, ಯಾವ ಹಾದಿ ಎಂದು ಹಬ್ಬುಗಾಲದಲ್ಲಿ ಜೊತೆ ಕುಳಿತವನೇ ಹೇಳಬೇಕು. ಅದಕ್ಕೇ ಇಲ್ಲಿ ಕುಳಿತಿದ್ದೇನೆ. ಗಾಳಿ ಜೋರಿದೆ, ಊರೆಲ್ಲ ದುಡಿಮೆಗೆ ಹೋಗಿದೆ, ಬೆಂಚುಗಳು ಖಾಲಿ. ತಗಡಿನ ಮಾಡು ಒಂದೇ ಸಮನೆ ಬಡಿದುಕೊಳ್ಳುತ್ತಿದೆ. ಮತ್ತೆ ಎದ್ದೆ. ನೀರು ಕುಡಿದೆ. ಬಾಯಾರಿಕೆ ಇರಲಿಲ್ಲ. ತೊಳೆದ ಲೋಟಗಳನ್ನೇ ತೊಳೆದೆ. ಅಕ್ಕ ಹೇಳಿದ್ದು ಸುಳ್ಳಲ್ಲ, ಅದು ನನ್ನನ್ನು ಕೂರಲು ಬಿಡುತ್ತಿಲ್ಲ. ಅವ್ವನ ಸಲುವಾಗಿ ಹೇಳುತ್ತೇನೋ, ಅವಳ ಬಾಯಲ್ಲಿ ನನ್ನ ಹೆಸರು ಬರಲಿ ಎಂಬ ಆಸೆಯಿಂದ ಹೇಳುತ್ತೇನೋ? ಎರಡೂ ಇದೆ. ಬೇರೆ ಮಾಡಲು ನನ್ನಿಂದ ಆಗುತ್ತಿಲ್ಲ.

ನಿಮಗೆ ನನ್ನದೊಂದು ಕೇಳಿಕೆ ಇದೆ, ಅದನ್ನು ಈಗಲೇ ಬರೆದುಬಿಡುತ್ತೇನೆ. ಈ ಮದ್ದನ್ನು ಹುಡುಕುವುದನ್ನು ಬಿಡಬೇಡಿ. ಅದು ಒಳ್ಳೆಯ ಮದ್ದು. ಅದರಿಂದ ನನ್ನ ಅವ್ವ ಮರಳಿ ಬಂದಳು, ನಾನು ಯಾವ ಬಾಯಿಂದಲೂ ಅದನ್ನು ಹಳಿಯಲಾರೆ. ಆದರೆ ಅದು ನಿಮ್ಮ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ, ಹಿರಿಯರಿಗೆ ಅಲ್ಲ ಎನ್ನುವ ಅಭ್ಯಾಸ ಮಾಡಿಕೊಂಡಿರಿ. ಒರಟಾಗಿ ಅಲ್ಲ. ಅವರ ಕೈ ಹಿಡಿದುಕೊಂಡು, ಹತ್ತಿರ ಕುಳಿತು ಅನ್ನಿ. ನಿಮಗೆ ಬರುವುದಿಲ್ಲವೆಂದರೆ ಮಕ್ಕಳಿಗೆ ಕಲಿಸಿ. ನೀವು ಕಲಿಸಿದ್ದರೆ ಅದು ಬಾಯಿಂದ ಬಾಯಿಗೆ ನಮ್ಮವರೆಗೆ ಬಂದಿರುತ್ತಿತ್ತು. ಬಂದಿಲ್ಲ. ಮುದುಕರನ್ನು ಸಮಾಧಾನ ಮಾಡುವುದೇ ಪ್ರೀತಿ ಎಂದು ನೀವು ಹೇಳಿಕೊಟ್ಟಿರಿ, ನಾವು ಹಾಗೆಯೇ ನಡೆದೆವು. ಅವರಿಗೆ ಕೇಳಿಸಿಕೊಳ್ಳುವ ಶಕ್ತಿ ಮರಳಿ ಬಂದ ಮೇಲೂ ಹಾಗೆಯೇ ನಡೆದೆವು.

ಇದನ್ನು ಬರೆಯುವಾಗಲೇ ಹೊಳೆಯಿತು. ಹೀಗೇ ಬಿಡಬೇಕೋ, ಸವರಿಸಬೇಕೋ, ಮರುಹನಿಯೋ ಎಂದು ಸಬೀನಾ ನನ್ನನ್ನು ಕೇಳಿದಳು, ನಾನು ಅಕ್ಕನನ್ನು ಕೇಳಿದೆ, ಅಕ್ಕ ಕಾಶಪ್ಪನನ್ನೂ ಕೇಳಿದಳು. ಒಳಗೆ ಕುಳಿತವಳನ್ನು ಯಾರೂ ಕೇಳಿಲ್ಲ. ಅವಳು ಈಗ ನಮ್ಮೆಲ್ಲರಿಗಿಂತ ಚುರುಕಾಗಿದ್ದಾಳೆ. ಸ್ವಲ್ಪ ಇರಿ, ಬರುತ್ತೇನೆ.

ಹೋಗಿ ಬಂದೆ. ಕೈಗೆ ಅವ್ವನ ಹಿಟ್ಟು ಹತ್ತಿದೆ, ಅಕ್ಷರ ತಿಳಿಯದಿದ್ದರೆ ಊಹಿಸಿಕೊಳ್ಳಿ.

ಅವ್ವ ಹಿಟ್ಟಿನ ಪರಾತದ ಮುಂದೆ ಕುಳಿತಿದ್ದಳು. ನಾನು ಎದುರಿಗೆ ನೆಲದ ಮೇಲೆ ಕುಳಿತೆ. "ಮುದುಕಪ್ಪ, ಸಂಜಿಗೆ ಎಷ್ಟ ಮಂದಿ ಬರಬಹುದೋ?" ಅಂದಳು. ನಾನು ಅವಳ ಹಿಟ್ಟಿನ ಕೈ ಹಿಡಿದುಕೊಂಡು, "ನಾ ಮುದುಕಪ್ಪ ಅಲ್ಲವ್ವ" ಅಂದೆ. ಅಲ್ಲ ಎನ್ನುವ ಮಾತು ಬಾಯಿಂದ ಹೊರಟಾಗ ಅದು ನನ್ನ ದನಿ ಅನ್ನಿಸಲಿಲ್ಲ. ಕಂಬದಿಂದ ಬಿದ್ದದ್ದು, ರೋಗ, ಹನಿ, ನಮ್ಮ ಹೂ‍ಂಗಳು, ಎಲ್ಲವನ್ನೂ ಹೇಳಿದೆ. ಒಲೆಯ ಮೇಲಿದ್ದ ರೊಟ್ಟಿ ಸೀದು ಕರಕಾಯಿತು, ಅವ್ವ ತಿರುವು ಅನ್ನಲಿಲ್ಲ.

ಆಮೇಲೆ ಕೇಳಿದಳು, "ಹಂಗಾರ ಹಂಚ ಇಳಿಸಿ ನಾ ಅತ್ತದ್ದು, ಅದು ಅವನ ಸಲುವಾಗಿ?"

"ಹೌದವ್ವ."

"ನೀ ಯಾರು?"

"ಗುರುಶಿದ್ದ."

ಕೈ ಬಿಡಿಸಿಕೊಂಡು ನನ್ನ ಮುಖದ ಮೇಲೆ ಆಡಿಸಿದಳು. ಹುಬ್ಬು, ಮೂಗು, ಬಾಯಿ. ಹಿಟ್ಟು ಕಣ್ಣಿಗೆ ಹೋಯಿತು, ನಾನು ಅಲುಗಾಡಲಿಲ್ಲ. "ಬಾಯಿ ಗುರುಶಿದ್ದಂದ ಐತಿ" ಅಂದಳು. "ಆದ್ರ ನನ್ನ ನಾಲಿಗಿಗೆ ಮುದುಕಪ್ಪ ಅಂತನ ಬರ್ತೈತಿ. ನಾ ಏನ ಮಾಡ್ಲಿ?" ಅತ್ತಳು. ನಾನು ಏನಾದರೂ ಹೇಳಿ ನಗಿಸಲು ಬಾಯಿ ತೆರೆದೆ. ಅವಳು ಬೇಡ ಎಂದು ತಲೆ ಆಡಿಸಿದಳು.

"ಮತ್ತ ಹನಿ ಹಾಕಿದ್ರ ದಿನಾ ಹೇಳ್ತಿಯೇನು?"

"ಹೇಳ್ತೀನಿ."

"ನಗಿಸಿ ಹೇಳಬ್ಯಾಡ. ಸುಮ್ನ ಹೇಳು. ಮುಂಜಾನೆ ಹೇಳು, ನಾ ಒಲಿ ಹಚ್ಚೂಕಿಂತ ಮೊದಲ. ಅತ್ತ ಮುಗಿಸಿ ರೊಟ್ಟಿಗೆ ಕೂಡ್ತೀನಿ." ಮತ್ತೆ ಪರಾತ ಹತ್ತಿರ ಎಳೆದುಕೊಂಡು ಹೇಳಿದಳು, "ಈಗ ಹೊರಗ ಹೋಗು. ಅವನ ಜೋಡಿ ಒಂದೀಟ ಇರ್ತೀನಿ."

ಯಾರ ಜೊತೆ ಎಂದು ನಾನು ಕೇಳಲಿಲ್ಲ. ಬಂದು ಇಲ್ಲಿ ಕುಳಿತೆ. ಸಬೀನಾಳಿಗೆ ಹೇಳುವ ಮಾತನ್ನು, ಮರುಹನಿ ಎಂದು, ಅವ್ವನೇ ಹೇಳಿಯಾಯಿತು. ಇನ್ನು ನಾನು ದಿನವೂ ಮುಂಜಾನೆ ಎದ್ದು ಅಣ್ಣ ಸತ್ತ ಮಾತು ಹೇಳಬೇಕು. ಬದುಕಿನಲ್ಲಿ ಒಂದು ಸಾವಿನ ಸುದ್ದಿಯನ್ನೂ ನಾನು ಹೇಳಿದವನಲ್ಲ. ಅಂಥ ಕಡೆ ಬೇರೆಯವರನ್ನು ಕಳಿಸಿ, ಆಮೇಲೆ ಹೋಗಿ ನಗಿಸುತ್ತಿದ್ದೆ.

ಒಳಗಿನಿಂದ ಅವ್ವ ಕೂಗುತ್ತಿದ್ದಾಳೆ. "ಮುದುಕಪ್ಪ, ನೀರು ತಗೊಂಬಾ." ಹನಿ ಇನ್ನೂ ಬಿದ್ದಿಲ್ಲ, ಆದರೂ ಓಗೊಡಬಾರದು ಎಂದು ಹಲ್ಲು ಕಚ್ಚಿ ಕುಳಿತಿದ್ದೇನೆ. ಕೊಡ ತುಂಬಿ ಕಾಲ ಬಳಿ ಇಟ್ಟುಕೊಂಡಿದ್ದೇನೆ, ಎದ್ದಿಲ್ಲ.

ಮತ್ತೊಮ್ಮೆ ಕೂಗಿದಳು. ಅದೇ ಹೆಸರು.

ಈಗ ಸುಮ್ಮನಾಗಿದ್ದಾಳೆ. ತಟ್ಟುವ ಸದ್ದೂ ಇಲ್ಲ. ಹೆಸರು ಹುಡುಕುತ್ತಿರಬೇಕು. ನಾನು ಕಾಯುತ್ತೇನೆ. ನೀವು ಹೋಗಿ ಬನ್ನಿ.